ವರದಿ ಯಾರ ಮೇಜಿಗೆ, ಯಾವ ತಿಂಗಳಿಗೆ?

ಕಾರವಾರದ ಬೈತಖೋಲ್ ಬಂದರಿಗೆ ಒಂದು ಹಂಗಾಮಿನಲ್ಲಿ ಎಷ್ಟು ಬಂಗಡೆ ಬಂತು, ಎಷ್ಟು ತಾರ್ಲೆ ಬಂತು ಎಂದು ಕೇಳಿದರೆ ಲೆಕ್ಕ ಸಿಗುತ್ತದೆ. ಆ ಮೀನನ್ನು ಬಲೆಯಿಂದ ಬಿಡಿಸಿದವರು, ಆರಿಸಿದವರು, ಉಪ್ಪು ಹಾಕಿ ಒಣಗಿಸಿದವರು, ಬುಟ್ಟಿ ಹೊತ್ತು ಮನೆಮನೆಗೆ ಮಾರಿದವರು ಎಷ್ಟು ಮಂದಿ? ಅವರ ವಯಸ್ಸೆಷ್ಟು, ಓದೆಷ್ಟು? ಕೈಗೆ ಕೂಲಿ ಬಾರದೆ ಮನೆಯ ದೋಣಿಗಾಗಿ ದುಡಿಯುವ ಹೆಂಗಸರು ಅವರಲ್ಲಿ ಎಷ್ಟು? ಇಷ್ಟು ಕೇಳಿದರೆ ಹಿಂದಿನ ಗಣತಿ ಯಾವ ವರ್ಷದ್ದು ಎಂದು ಹುಡುಕಬೇಕಾಗುತ್ತದೆ. ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ 2005, 2010 ಮತ್ತು 2016ರಲ್ಲಿ ಮೀನುಗಾರರ ಗಣತಿ ಮಾಡಿತು. ಬೆಲೆಬಾಳುವ ಕೆಲಸ ಅದು. ಆದರೆ ಮೀನಿನ ಲೆಕ್ಕ ದಿನದಿನವೂ ನಡೆಯುತ್ತದೆ, ಮನುಷ್ಯರ ಲೆಕ್ಕ ವರ್ಷಗಟ್ಟಲೆ ಬಿಟ್ಟು ಬಿಟ್ಟು ನಡೆಯುತ್ತದೆ.

ಯುರೋಪಿಯನ್ ಒಕ್ಕೂಟದಲ್ಲಿ ಈ ಎರಡನೆಯ ಲೆಕ್ಕಕ್ಕೂ ಕಾನೂನಿನ ಬಲ ಬಂದಿದೆ. ಮೀನುಗಾರಿಕೆಯ ದತ್ತಾಂಶ ಸಂಗ್ರಹದ ನಿಯಮಗಳ ಪ್ರಕಾರ 2018ರಿಂದ ಮೂರು ವರ್ಷಕ್ಕೊಮ್ಮೆ ಅಲ್ಲಿನ ದೇಶಗಳು ಮೀನುಗಾರಿಕೆಯಲ್ಲಿ ದುಡಿಯುವವರ ವಯಸ್ಸು, ಲಿಂಗ, ಓದು, ರಾಷ್ಟ್ರೀಯತೆ, ಕೆಲಸದ ಸ್ವರೂಪಗಳ ಜೊತೆಗೆ ಸಂಬಳವಿಲ್ಲದ ದುಡಿಮೆಯನ್ನೂ ದಾಖಲಿಸಿ ಕೊಡಬೇಕು. ಮೀನುಗಾರಿಕೆಗೆಂದೇ ಇರುವ ವೈಜ್ಞಾನಿಕ, ತಾಂತ್ರಿಕ ಮತ್ತು ಆರ್ಥಿಕ ಸಮಿತಿ ಇದನ್ನು ಪರಿಶೀಲಿಸುತ್ತದೆ. 2013ರ ಸಾಮಾನ್ಯ ಮೀನುಗಾರಿಕಾ ನೀತಿಯ 17ನೇ ವಿಧಿ ಇನ್ನೂ ಒಂದು ಮಾತು ಹೇಳುತ್ತದೆ: ಒಂದು ದೇಶ ತನ್ನ ಪಾಲಿನ ಮೀನನ್ನು ತನ್ನ ದೋಣಿಗಳಿಗೆ ಹಂಚುವಾಗ ಪರಿಸರದ, ಸಮಾಜದ, ಆರ್ಥಿಕತೆಯ ಮಾನದಂಡಗಳನ್ನು ಬಹಿರಂಗವಾಗಿ ಬಳಸಬೇಕು. ಬಹಳಷ್ಟು ದೇಶಗಳು ಇವತ್ತಿಗೂ ಹಿಂದೆ ಯಾರು ಎಷ್ಟು ಹಿಡಿದಿದ್ದರು ಎಂಬುದನ್ನೇ ನೋಡಿ ಹಂಚುತ್ತಿವೆ ಎಂಬುದು ನಿಜ. ಆದರೂ ಸಣ್ಣ ದೋಣಿಯವರು ಪ್ರಶ್ನೆ ಎತ್ತುವಾಗ ಕೈಯಲ್ಲಿ ಹಿಡಿದು ತೋರಿಸಲು ಒಂದು ವಿಧಿ, ಒಂದು ಕೋಷ್ಟಕ ಇದೆ.

ಸಂಶೋಧನೆ ಚೆನ್ನಾಗಿದ್ದರೆ ತಾನಾಗಿ ಸರ್ಕಾರಕ್ಕೆ ಮುಟ್ಟುತ್ತದೆ ಎಂಬ ನಂಬಿಕೆ ನಮ್ಮ ಕಾಲೇಜುಗಳಲ್ಲಿ ಇದೆ. ಯುರೋಪಿನ ಅನುಭವ ಅದನ್ನು ಪುಷ್ಟೀಕರಿಸುವುದಿಲ್ಲ. ಸಮಾಜವಿಜ್ಞಾನ ಅಲ್ಲಿ ನಿಜಕ್ಕೂ ಕೆಲಸಕ್ಕೆ ಬಂದ ಸಂದರ್ಭಗಳನ್ನು ಬಿಡಿಸಿ ನೋಡಿದರೆ, ಅಧಿಕಾರಿ ಒಂದು ಪ್ರಶ್ನೆಗೆ ಉತ್ತರ ಬರೆಯಲೇಬೇಕಾದ ತಾರೀಖು ಮೊದಲೇ ಗೊತ್ತಿತ್ತು, ಆ ಪ್ರಶ್ನೆ ಕೇಳುವ ಅಳತೆಯಲ್ಲೇ ಉತ್ತರ ತಯಾರಿತ್ತು. ಕಾರವಾರ, ಕುಮಟಾ, ಶಿರಸಿಯ ಕಾಲೇಜುಗಳಲ್ಲಿ ಸಮಾಜಶಾಸ್ತ್ರ, ಅರ್ಥಶಾಸ್ತ್ರ, ಇತಿಹಾಸ ಓದುತ್ತ ಕ್ಷೇತ್ರಕಾರ್ಯದ ಪ್ರಬಂಧ ಬರೆಯುವವರಿಗೆ ಈ ಸಂಗತಿ ನೇರವಾಗಿ ಉಪಯೋಗಕ್ಕೆ ಬರುತ್ತದೆ.

ಮೊದಲು ಅಲ್ಲಿನ ಕ್ರಮ. ಒಕ್ಕೂಟದ ಕಾನೂನಿನ ಕರಡು ಬರೆಯುವುದು ಬ್ರಸೆಲ್ಸ್‌ನ ಯುರೋಪಿಯನ್ ಕಮಿಷನ್. ಆಮೇಲೆ ಅದು ಪಾರ್ಲಿಮೆಂಟಿಗೆ ಮತ್ತು ದೇಶಗಳ ಮಂತ್ರಿಗಳ ಕೌನ್ಸಿಲ್ಲಿಗೆ ಹೋಗುತ್ತದೆ. ದೊಡ್ಡ ಪರಿಣಾಮ ಬೀರುವ ಕರಡಿನ ಜೊತೆ ಪರಿಣಾಮ ಅಧ್ಯಯನದ ವರದಿ ಇರಬೇಕು. ಆ ವರದಿ ಏಳು ಪ್ರಶ್ನೆಗಳಿಗೆ ಉತ್ತರಿಸಬೇಕು: ಸಮಸ್ಯೆ ಏನು, ಒಕ್ಕೂಟವೇ ಏಕೆ ಕೈ ಹಾಕಬೇಕು, ಏನು ಸಾಧಿಸಬೇಕು, ಯಾವ ಯಾವ ದಾರಿಗಳಿವೆ, ಒಂದೊಂದು ದಾರಿಯಿಂದ ಯಾರಿಗೆ ಏನಾಗುತ್ತದೆ, ದಾರಿಗಳನ್ನು ಹೋಲಿಸಿದರೆ ಯಾವುದು ಮೇಲು, ಮುಂದೆ ಇದರ ಫಲವನ್ನು ಅಳೆಯುವುದು ಹೇಗೆ. ಕೆಲಸ ಶುರುವಾಗುವಾಗ ಸಾಕ್ಷ್ಯಕ್ಕಾಗಿ ಕರೆ ಕೊಟ್ಟು ನಾಲ್ಕು ವಾರ ತೆರೆದಿಡುತ್ತಾರೆ. ಸಾರ್ವಜನಿಕ ಸಮಾಲೋಚನೆಗೆ ಸಾಮಾನ್ಯವಾಗಿ 12 ವಾರ. ಕರಡು ವರದಿಯನ್ನು 2015ರಲ್ಲಿ ಶುರುವಾದ ರೆಗ್ಯುಲೇಟರಿ ಸ್ಕ್ರೂಟಿನಿ ಬೋರ್ಡ್ ಓದಿ, ಒಪ್ಪಿಗೆ, ಷರತ್ತಿನ ಒಪ್ಪಿಗೆ, ತಿರಸ್ಕಾರ ಈ ಮೂರರಲ್ಲೊಂದು ಅಭಿಪ್ರಾಯ ಕೊಡುತ್ತದೆ. ತಿರಸ್ಕಾರವಾದರೆ ತಿದ್ದಿ ಮತ್ತೆ ಕಳಿಸಬೇಕು.

ಸಮಾಜ ವಿಜ್ಞಾನಿಗೆ ಜಾಗ ಇರುವುದು ಮುಖ್ಯವಾಗಿ ಮೊದಲನೆಯ ಮತ್ತು ಐದನೆಯ ಪ್ರಶ್ನೆಗಳಲ್ಲಿ. ತೊಡಕು ಕಾಲದ್ದು. ಸಂಶೋಧನಾ ಯೋಜನೆ ಮೂರು ನಾಲ್ಕು ವರ್ಷ ನಡೆಯುತ್ತದೆ. ಸಾಕ್ಷ್ಯ ಕೇಳುವ ಕರೆ ನಾಲ್ಕೇ ವಾರದಲ್ಲಿ ಮುಚ್ಚುತ್ತದೆ. ಯೋಜನೆ ಮುಗಿದ ಮೇಲೆ ಬರುವ ವರದಿ ಎಷ್ಟೋ ಸಲ ಕರಡು ಹೊರಬಿದ್ದ ಮೇಲೆ ಬಂದಿರುತ್ತದೆ. ಆಗ ಅದನ್ನು ಓದುವವರು ಈಗಾಗಲೇ ಆರಿಸಿಕೊಂಡ ದಾರಿಗೆ ಬೆಂಬಲ ಹುಡುಕುತ್ತಿರುತ್ತಾರೆ. ಸಂಶೋಧನೆಯ ಬಳಕೆಯ ಬಗ್ಗೆ 1979ರಲ್ಲಿ ಬರೆದ ಅಮೆರಿಕದ ಸಮಾಜಶಾಸ್ತ್ರಜ್ಞೆ ಕ್ಯಾರಲ್ ವೈಸ್ ಬಳಕೆಯ ಬಗೆಗಳ ವ್ಯತ್ಯಾಸವನ್ನು ಚೆನ್ನಾಗಿ ಬಿಡಿಸಿಟ್ಟಿದ್ದಾರೆ. ಒಂದು ನಿರ್ಧಾರಕ್ಕೆ ನೇರವಾಗಿ ಬಳಸುವುದು ಬೇರೆ, ಆದ ನಿರ್ಧಾರವನ್ನು ಸಮರ್ಥಿಸಿಕೊಳ್ಳಲು ಬಳಸುವುದು ಬೇರೆ, ವರ್ಷಗಳ ಮೇಲೆ ಜನ ಒಂದು ಸಮಸ್ಯೆಯನ್ನು ನೋಡುವ ರೀತಿಯೇ ಬದಲಾಗುವುದು ಬೇರೆ. ಮೂರನೆಯದೇ ಹೆಚ್ಚು ನಡೆಯುತ್ತದೆ, ಆದರೆ ಅದಕ್ಕೆ ಕಾಯಲು ತಾಳ್ಮೆ ಬೇಕು.

ನೇರವಾಗಿ ಬಳಕೆಯಾದ ಒಂದು ಉದಾಹರಣೆ ಫ್ರಿಜ್ಜಿನ ಬಾಗಿಲ ಮೇಲಿನ ಚೀಟಿ. ವಿದ್ಯುತ್ ಉಳಿತಾಯದ ದರ್ಜೆ ತೋರಿಸುವ ಯುರೋಪಿನ ಚೀಟಿಯಲ್ಲಿ 'ಎ' ದರ್ಜೆಯ ಮೇಲೆ ಎ ಪ್ಲಸ್, ಎ ಡಬಲ್ ಪ್ಲಸ್, ಎ ಟ್ರಿಪಲ್ ಪ್ಲಸ್ ಸೇರಿಸಿದ್ದರು. ಗಿರಾಕಿಗಳ ಮೇಲೆ ನಡೆದ ಅಧ್ಯಯನಗಳಲ್ಲಿ ಕಂಡದ್ದೇನೆಂದರೆ, 'ಎ'ಗೂ 'ಸಿ'ಗೂ ಇರುವ ಅಂತರ ಜನರಿಗೆ ಥಟ್ಟನೆ ತಿಳಿಯುತ್ತದೆ, ಒಂದು ಪ್ಲಸ್ಸಿಗೂ ಮೂರು ಪ್ಲಸ್ಸಿಗೂ ಇರುವ ಅಂತರ ಹಾಗೆ ತಿಳಿಯುವುದಿಲ್ಲ. ಒಂದು ಹಂತದಲ್ಲಿ ಎ ಪ್ಲಸ್ ಎಂಬುದೇ ಮನೆಬಳಕೆಯ ಫ್ರಿಜ್ ಮಾರಲು ಬೇಕಾದ ಕನಿಷ್ಠ ದರ್ಜೆಯಾಗಿತ್ತು. ಕೊಳ್ಳುವವರು ಮಾತ್ರ ಅದನ್ನು ಉತ್ತಮ ಎಂದು ಓದುತ್ತಿದ್ದರು. 2017ರ ನಿಯಮ ಪ್ಲಸ್‌ಗಳನ್ನು ಕಿತ್ತುಹಾಕಿತು. 2021ರ ಮಾರ್ಚ್ 1ರಿಂದ ಫ್ರಿಜ್, ವಾಷಿಂಗ್ ಮಷೀನ್, ಟಿವಿಗಳಿಗೆ ಎ ಇಂದ ಜಿ ವರೆಗಿನ ಏಳೇ ದರ್ಜೆ. ಆನ್‌ಲೈನ್ ಖರೀದಿಯಲ್ಲಿ ಮೊದಲೇ ಟಿಕ್ ಹಾಕಿಟ್ಟ ಚೌಕಗಳ ಕಥೆಯೂ ಇದೇ ಜಾತಿಯದು. ಮುಂಚೆಯೇ ಆರಿಸಿಟ್ಟದ್ದನ್ನು ಜನ ಬದಲಾಯಿಸುವುದು ಕಡಿಮೆ ಎಂಬುದು ಮನಶ್ಶಾಸ್ತ್ರಕ್ಕೆ ಗೊತ್ತಿದ್ದ ವಿಷಯ. ಹಾಗೆ ಸೇರಿಸಿದ ಹೆಚ್ಚುವರಿ ಶುಲ್ಕಕ್ಕೆ ಗ್ರಾಹಕ ಬದ್ಧನಲ್ಲ ಎಂದು 2011ರ ಗ್ರಾಹಕ ಹಕ್ಕುಗಳ ನಿರ್ದೇಶನದ 22ನೇ ವಿಧಿ ಹೇಳಿತು.

ಬಡತನದ ಅಳತೆ ಇನ್ನೂ ಆಳವಾದ ಕೆಲಸ. 2001ರ ಡಿಸೆಂಬರಿನಲ್ಲಿ ಬೆಲ್ಜಿಯಂನ ಲಾಕೆನ್‌ನಲ್ಲಿ ಸೇರಿದ ಒಕ್ಕೂಟದ ನಾಯಕರು ಸಾಮಾಜಿಕ ಸೂಚ್ಯಂಕಗಳ ಒಂದು ಗುಂಪನ್ನು ಒಪ್ಪಿಕೊಂಡರು. ಅದರ ಹಿಂದಿನ ತಯಾರಿಯಲ್ಲಿ ಅರ್ಥಶಾಸ್ತ್ರಜ್ಞ ಟೋನಿ ಆಟ್ಕಿನ್‌ಸನ್ ಮತ್ತು ಸಂಗಡಿಗರ ಪಾತ್ರ ದೊಡ್ಡದು. ದೇಶದ ಮಧ್ಯಾಂಕ ಆದಾಯದ (ಎಲ್ಲರ ಆದಾಯವನ್ನು ಕಡಿಮೆಯಿಂದ ಹೆಚ್ಚಿಗೆ ಸಾಲಾಗಿಟ್ಟರೆ ನಟ್ಟನಡುವೆ ಬರುವುದು) ಶೇ 60ಕ್ಕಿಂತ ಕಡಿಮೆ ಇದ್ದವರು ಬಡತನದ ಅಪಾಯದಲ್ಲಿದ್ದಾರೆ ಎಂಬುದು ಅಲ್ಲಿನ ಗೆರೆ. ಸರಾಸರಿ ಬಿಟ್ಟು ಮಧ್ಯಾಂಕ ಹಿಡಿದದ್ದಕ್ಕೆ ಕಾರಣ ಇದೆ. ನೂರು ಮನೆಯ ಕೇರಿಯಲ್ಲಿ ಎರಡು ಮನೆಯವರಿಗೆ ದೊಡ್ಡ ಬಲೆಯ ಪರ್ಸಿನ್ ಬೋಟ್ ಇದ್ದರೆ ಸಾಕು, ಸರಾಸರಿ ಮೇಲಕ್ಕೆ ಹಾರುತ್ತದೆ, ಮಧ್ಯಾಂಕ ಅಲುಗಾಡುವುದಿಲ್ಲ.

ಮನೆಯ ಆದಾಯವನ್ನು ತಲೆಗೆ ಹಂಚುವ ರೀತಿಯನ್ನೂ ಗಮನಿಸಬೇಕು. ಮೊದಲ ದೊಡ್ಡವರಿಗೆ 1, 14 ಮತ್ತು ಅದಕ್ಕೆ ಮೇಲ್ಪಟ್ಟ ಉಳಿದ ಪ್ರತಿಯೊಬ್ಬರಿಗೆ 0.5, 14ರೊಳಗಿನ ಮಕ್ಕಳಿಗೆ 0.3. ಗಂಡ, ಹೆಂಡತಿ, ಇಬ್ಬರು ಚಿಕ್ಕ ಮಕ್ಕಳಿರುವ ಮನೆಗೆ 1 + 0.5 + 0.3 + 0.3, ಅಂದರೆ 2.1. ತಿಂಗಳಿಗೆ 42,000 ರೂಪಾಯಿ ಬರುವ ಮನೆ ಎಂದಿಟ್ಟುಕೊಂಡರೆ, ನಾಲ್ಕರಿಂದ ಭಾಗಿಸಿ 10,500 ಎನ್ನುವುದಿಲ್ಲ, 2.1ರಿಂದ ಭಾಗಿಸಿ 20,000 ಎನ್ನುತ್ತಾರೆ. ಒಂದೇ ಒಲೆ, ಒಂದೇ ಸೂರು, ಒಂದೇ ದೀಪ ಎಲ್ಲರಿಗೂ ಹಂಚಿಹೋಗುತ್ತದೆ ಎಂಬುದೇ ಈ ಲೆಕ್ಕದ ಆಧಾರ. ಇದೇ ಲೆಕ್ಕವನ್ನು ಒಕ್ಕೂಟದ ದೇಶಗಳಲ್ಲೆಲ್ಲ ವರ್ಷವರ್ಷವೂ ಒಂದೇ ಕ್ರಮದಲ್ಲಿ ಮಾಡುವುದರಿಂದ ಅದನ್ನು ಮುಂದಿಟ್ಟು ಸರ್ಕಾರಗಳನ್ನು ಪ್ರಶ್ನಿಸಲು ಬರುತ್ತದೆ. 2020ರೊಳಗೆ ಕನಿಷ್ಠ 2 ಕೋಟಿ ಜನರನ್ನು ಬಡತನ ಮತ್ತು ಸಾಮಾಜಿಕ ಹೊರದೂಡಿಕೆಯ ಅಪಾಯದಿಂದ ಮೇಲೆತ್ತುವ ಗುರಿ ಇತ್ತು, ಮುಟ್ಟಲಿಲ್ಲ. ಮುಟ್ಟಲಿಲ್ಲ ಎಂದು ಯಾರೂ ಅಲ್ಲಗಳೆಯಲಾಗದಂತೆ ಹೇಳಲು ಬಂದದ್ದು ಈ ಅಳತೆಯಿಂದಲೇ.

ಮಾನವಿಕಗಳಿಗೆ ಬಂದರೆ, ಇತಿಹಾಸದ ಕೆಲಸವೇ ಎದ್ದು ಕಾಣುತ್ತದೆ. ಯುರೋಪಿಯನ್ ಪರಿಸರ ಸಂಸ್ಥೆ 2001ರಲ್ಲಿ, ಮತ್ತೆ 2013ರಲ್ಲಿ, ಮೊದಲ ಎಚ್ಚರಿಕೆ ಸಿಕ್ಕಿ ಎಷ್ಟು ತಡವಾಗಿ ಕ್ರಮ ಬಂತು ಎಂಬುದನ್ನು ಪ್ರಕರಣವಾಗಿ ಜೋಡಿಸಿ ಎರಡು ಸಂಪುಟ ಹೊರತಂದಿತು. ಕಲ್ನಾರಿನ (ಆಸ್ಬೆಸ್ಟಾಸ್) ಧೂಳು ಕೆಡುಕು ಮಾಡುತ್ತದೆಂದು ಬ್ರಿಟನ್ನಿನ ಕಾರ್ಖಾನೆ ಇನ್‌ಸ್ಪೆಕ್ಟರ್ ಲೂಸಿ ಡೀನ್ ಬರೆದದ್ದು 1898ರಲ್ಲಿ. ಯುರೋಪಿಯನ್ ಒಕ್ಕೂಟದ ಪೂರ್ಣ ನಿಷೇಧದ ನಿರ್ದೇಶನ 1999ರದು, ಜಾರಿಯ ಗಡುವು 2005. ನೂರು ವರ್ಷದ ಈ ಅಂತರವನ್ನು ಕಡತದ ಆಧಾರದಿಂದ ತೋರಿಸಿದ ಮೇಲೆ 'ಪೂರ್ತಿ ಪುರಾವೆ ಸಿಗಲಿ, ಆಮೇಲೆ ನೋಡೋಣ' ಎಂಬ ವಾದಕ್ಕೆ ಮೊದಲಿನ ತೂಕ ಉಳಿಯುವುದಿಲ್ಲ. ತತ್ವಶಾಸ್ತ್ರಜ್ಞರೂ ಇದ್ದ 52 ಮಂದಿಯ ತಜ್ಞರ ಗುಂಪು 2019ರಲ್ಲಿ ಬರೆದ ಕೃತಕ ಬುದ್ಧಿಮತ್ತೆಯ ನೈತಿಕ ಮಾರ್ಗಸೂಚಿಗಳ ಪ್ರಭಾವ 2024ರ ಕಾಯ್ದೆಯಲ್ಲಿ ಕಾಣಸಿಗುತ್ತದೆ.

ಹಣದ ಹಂಚಿಕೆಯಲ್ಲಿ ಮಾತ್ರ ನ್ಯಾಯ ಸಿಕ್ಕಿಲ್ಲ. 2021ರಿಂದ 2027ರ ಹೊರೈಜನ್ ಯುರೋಪ್ ಎಂಬ ಒಕ್ಕೂಟದ ಸಂಶೋಧನಾ ಕಾರ್ಯಕ್ರಮಕ್ಕೆ ಮೊದಲು ಇಟ್ಟ ಮೊತ್ತ 95.5 ಬಿಲಿಯನ್ ಯೂರೋ. ಅದರಲ್ಲಿ ಸಂಸ್ಕೃತಿ ಮತ್ತು ಸಮಾಜದ ವಿಭಾಗಕ್ಕೆ ಸುಮಾರು 2.28 ಬಿಲಿಯನ್. ಉಳಿದ ವಿಭಾಗಗಳಲ್ಲೂ ಸಮಾಜವಿಜ್ಞಾನವನ್ನು ಬೆರೆಸಬೇಕು ಎಂಬ ಸೂಚನೆ ಇದೆ. ಆದರೆ ಗಾಳಿಯಂತ್ರದ ವಿನ್ಯಾಸ ಮುಗಿದ ಮೇಲೆ ಊರಿನವರನ್ನು ಒಪ್ಪಿಸುವ ಕೆಲಸಕ್ಕೆ ಒಬ್ಬ ಸಮಾಜಶಾಸ್ತ್ರಜ್ಞರನ್ನು ಕರೆಯುವ ಚಾಳಿ ಇನ್ನೂ ಹೋಗಿಲ್ಲ. ಯಂತ್ರ ಎಲ್ಲಿ ನಿಲ್ಲಬೇಕು, ಲಾಭ ಯಾರಿಗೆ ಹೋಗಬೇಕು ಎಂದು ಕೇಳುವ ಹಂತದಲ್ಲೇ ಅವರು ಇರಬೇಕಿತ್ತು.

ಕೆಟ್ಟುಹೋದ ಒಂದು ಪ್ರಕರಣವನ್ನು ವಿವರವಾಗಿ ನೋಡಬೇಕು, ಏಕೆಂದರೆ ಅದೇ ತಪ್ಪು ನಮ್ಮಲ್ಲೂ ಆಗುತ್ತದೆ. ವರ್ಷಕ್ಕೆ ಎರಡು ಸಲ ಗಡಿಯಾರ ಹಿಂದೆ ಮುಂದೆ ಮಾಡುವ ಪದ್ಧತಿ ಬೇಕೇ ಎಂದು ಕಮಿಷನ್ 2018ರ ಜುಲೈ 4ರಿಂದ ಆಗಸ್ಟ್ 16ರವರೆಗೆ ಆನ್‌ಲೈನಿನಲ್ಲಿ ಕೇಳಿತು. 12 ವಾರ ಇರಬೇಕಾದದ್ದು ಆರೇ ವಾರ, ಅದೂ ಬೇಸಿಗೆ ರಜೆಯಲ್ಲಿ. 46 ಲಕ್ಷ ಉತ್ತರಗಳು ಬಂದವು, ಶೇ 84 ಮಂದಿ ಬೇಡ ಎಂದರು. ಆದರೆ 30 ಲಕ್ಷಕ್ಕೂ ಹೆಚ್ಚು ಉತ್ತರ ಜರ್ಮನಿ ಒಂದರಿಂದಲೇ ಬಂದಿದ್ದವು. ಕಮಿಷನ್ ಸೆಪ್ಟೆಂಬರಿನಲ್ಲೇ ಪ್ರಸ್ತಾವ ಇಟ್ಟಿತು, 2019ರ ಮಾರ್ಚಿನಲ್ಲಿ ಪಾರ್ಲಿಮೆಂಟ್ ಒಪ್ಪಿತು, ಕೌನ್ಸಿಲ್ಲಿನಲ್ಲಿ ಕಡತ ನಿಂತುಹೋಯಿತು. ಪಕ್ಕದ ದೇಶಗಳು ಬೇರೆ ಬೇರೆ ಸಮಯ ಆರಿಸಿಕೊಂಡರೆ ರೈಲು, ವಿಮಾನ, ಗಡಿ ದಾಟಿ ಕೆಲಸಕ್ಕೆ ಹೋಗುವವರ ಗತಿ ಏನು ಎಂಬುದಕ್ಕೆ ಪೂರ್ತಿ ಪರಿಣಾಮ ಅಧ್ಯಯನ ಇರಲಿಲ್ಲ.

ತಾವಾಗಿ ಬಂದು ಮಾತಾಡಿದವರ ಸಂಖ್ಯೆ ಎಷ್ಟೇ ದೊಡ್ಡದಿರಲಿ, ಅದು ಸಮೀಕ್ಷೆ ಆಗುವುದಿಲ್ಲ. ಯುರೋಪಿಯನ್ ಸೋಷಿಯಲ್ ಸರ್ವೆ ಒಂದು ದೇಶಕ್ಕೆ ಪರಿಣಾಮಕಾರಿ ಮಾದರಿ (ಆರಿಸಿದ ರೀತಿಯ ಕುಂದು ಕಳೆದು ಲೆಕ್ಕ ಹಾಕಿದ ಉತ್ತರಗಳ ಸಂಖ್ಯೆ) ಕನಿಷ್ಠ 1,500 ಇರಬೇಕು ಎನ್ನುತ್ತದೆ, 20 ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ದೇಶಕ್ಕೆ 800. ಯಾರನ್ನು ಕೇಳಬೇಕು ಎಂಬುದು ಚೀಟಿ ಎತ್ತಿದ ಹಾಗೆ ಮೊದಲೇ ತೀರ್ಮಾನವಾಗಿರುತ್ತದೆ, ಮನೆಯಲ್ಲಿ ಸಿಗದವರನ್ನು ಬಿಟ್ಟು ಪಕ್ಕದ ಮನೆಯವರನ್ನು ಕೇಳುವಂತಿಲ್ಲ. ಅಂಥ 1,500 ಉತ್ತರಗಳು ದೇಶದ ಮನಸ್ಸಿನ ಬಗ್ಗೆ 46 ಲಕ್ಷಕ್ಕಿಂತ ನಂಬಿಕೆಯ ಮಾತು ಹೇಳುತ್ತವೆ.

ಈಗ ನಮ್ಮ ಕರಾವಳಿ. ಬಂದರು, ವಿದ್ಯುತ್ ಯೋಜನೆಗಳ ಹೊತ್ತಿಗೆ ನಡೆಯುವ ಸಾರ್ವಜನಿಕ ಅಹವಾಲು ಸಭೆ 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ನಡೆಯುವಂಥದು. ಕನಿಷ್ಠ 30 ದಿನ ಮೊದಲು ಪ್ರಕಟಣೆ ಬರಬೇಕು, ವರದಿಯ ಸಾರಾಂಶ ಕನ್ನಡದಲ್ಲೂ ಇರಬೇಕು, ಸಭೆಯನ್ನು ವಿಡಿಯೋ ಮಾಡಬೇಕು. ಕನಿಷ್ಠ ಇಷ್ಟು ಜನ ಇರಲೇಬೇಕೆಂಬ ಕೋರಂ ಇಲ್ಲ. ಎಷ್ಟು ಜನ ಬಂದರು, ಎಷ್ಟು ಜನ ಬೇಡ ಎಂದರು ಎಂಬ ಎಣಿಕೆಗೆ ಅಲ್ಲಿ ಮತದ ಬೆಲೆ ಇಲ್ಲ. ಬೆಲೆ ಇರುವುದು ದಾಖಲಾದ ಆಕ್ಷೇಪಕ್ಕೆ: ಎದ್ದ ಪರಿಸರ ಸಂಬಂಧಿ ಆತಂಕಗಳಿಗೆ ಯೋಜನೆಯವರು ಅಂತಿಮ ವರದಿಯಲ್ಲಿ ಉತ್ತರ ಸೇರಿಸಬೇಕು. ಆದ್ದರಿಂದ ಮೈಕಿನ ಮುಂದೆ ಆಡಿದ ಮಾತನ್ನೇ ಕ್ರಮಸಂಖ್ಯೆ ಹಾಕಿ, ಒಂದು ಸಂಖ್ಯೆಗೆ ಒಂದೇ ಪ್ರಶ್ನೆ ಎಂಬಂತೆ ಬರೆದು ಲಿಖಿತವಾಗಿಯೂ ಕೊಡಬೇಕು. ಉದ್ದನೆಯ ಪ್ಯಾರಾ ಬರೆದರೆ ಹತ್ತು ಪ್ರಶ್ನೆಗೆ ಒಂದು ಸಾಲಿನ ಉತ್ತರ ಬರುತ್ತದೆ.

ಜಮೀನು ಸ್ವಾಧೀನ ಇದ್ದರೆ 2013ರ ಭೂಸ್ವಾಧೀನ ಕಾಯ್ದೆ. ಸಾಮಾಜಿಕ ಪರಿಣಾಮ ಅಧ್ಯಯನ ಆರು ತಿಂಗಳಲ್ಲಿ ಮುಗಿಯಬೇಕು, ಸ್ಥಳೀಯ ಭಾಷೆಯಲ್ಲಿ ಪಂಚಾಯತಿಗೆ ಸಿಗಬೇಕು. ಅದನ್ನು ಪರಿಶೀಲಿಸುವ ತಜ್ಞರ ಗುಂಪಿನಲ್ಲಿ ಸರ್ಕಾರದ ಹೊರಗಿನ ಇಬ್ಬರು ಸಮಾಜ ವಿಜ್ಞಾನಿಗಳು ಇರಲೇಬೇಕು. ಗುಂಪಿಗೆ ಎರಡು ತಿಂಗಳು ಸಮಯ. ಬೇಡ ಎಂದು ಗುಂಪು ಹೇಳಿದರೂ ಸರ್ಕಾರ ಮುಂದುವರಿಯಬಹುದು, ಆದರೆ ಕಾರಣ ಬರೆದಿಡಬೇಕು. ಇದರ ಮಿತಿಗಳೂ ತಿಳಿದಿರಲಿ. ಹೆದ್ದಾರಿ ಕಾಯ್ದೆಯಡಿ ಸ್ವಾಧೀನವಾದರೆ ಪರಿಹಾರದ ಭಾಗ ಅನ್ವಯಿಸುತ್ತದೆ, ಈ ಅಧ್ಯಯನ ಅನ್ವಯಿಸುವುದಿಲ್ಲ. ಕರ್ನಾಟಕದ 2019ರ ತಿದ್ದುಪಡಿ ರಕ್ಷಣೆ, ಮೂಲಸೌಕರ್ಯದಂಥ ಕೆಲವು ಬಗೆಯ ಯೋಜನೆಗಳಿಗೆ ವಿನಾಯಿತಿಗೆ ದಾರಿ ಮಾಡಿದೆ. ಸರ್ಕಾರಿ ಜಾಗದ ಮೇಲಿನ ಯೋಜನೆಗೆ ಸ್ವಾಧೀನವೇ ಇಲ್ಲವಾದ್ದರಿಂದ ಅಹವಾಲು ಸಭೆಯೊಂದೇ ಉಳಿಯುತ್ತದೆ.

ಈ ಕಾಯ್ದೆಯಲ್ಲಿ ಕರಾವಳಿಯವರು ಓದಲೇಬೇಕಾದ್ದು ಮೂರನೆಯ ಸೆಕ್ಷನ್. ಜಮೀನಿಲ್ಲದಿದ್ದರೂ, ಸ್ವಾಧೀನಕ್ಕೆ ಹಿಂದಿನ ಮೂರು ವರ್ಷ ಕಾಡು ಅಥವಾ ನೀರಿನ ನೆಲೆಯನ್ನೇ ಮುಖ್ಯವಾಗಿ ನಂಬಿ ಬದುಕಿದ್ದು, ಆ ಬದುಕಿಗೆ ಸ್ವಾಧೀನದಿಂದ ಪೆಟ್ಟು ಬಿದ್ದರೆ ಅದು ಬಾಧಿತ ಕುಟುಂಬ. ಮೀನುಗಾರರು, ದೋಣಿ ನಡೆಸುವವರು ಎಂದು ಹೆಸರಿಸಿಯೇ ಹೇಳಿದೆ. ಅಘನಾಶಿನಿ ಅಳಿವೆಯಲ್ಲಿ ನೀರು ಇಳಿದ ಹೊತ್ತಿಗೆ ಬೆಳಚು, ಕಲಗದಂಥ ಚಿಪ್ಪುಜೀವಿ ಆಯುವ ಹೆಂಗಸಿಗೆ ಪಹಣಿ ಇಲ್ಲ, ದೋಣಿ ಲೈಸೆನ್ಸ್ ಇಲ್ಲ. ಆಕೆಯ ಮೂರು ವರ್ಷದ ದುಡಿಮೆ ಎಲ್ಲಿಯೂ ಬರೆದಿಲ್ಲದಿದ್ದರೆ ಈ ಸೆಕ್ಷನ್ ಆಕೆಯನ್ನು ಮುಟ್ಟುವುದೇ ಇಲ್ಲ. ಅಳಿವೆಗೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶ ಎಂಬ ರಾಮ್ಸರ್ ಪಟ್ಟ ಬಂದಿದೆ, 4,801 ಹೆಕ್ಟೇರ್. ಅಲ್ಲಿ ಆಯುವವರ ಹೆಸರು ಆ ಪಟ್ಟದ ಜೊತೆ ಬರುವುದಿಲ್ಲ. ಯೋಜನೆಯ ಸುದ್ದಿ ಹಬ್ಬಿದ ಮೇಲೆ ಮಾಡಿದ ಪಟ್ಟಿಯನ್ನು ಎದುರು ಪಕ್ಷದವರು ಪರಿಹಾರಕ್ಕಾಗಿ ಹೆಣೆದದ್ದು ಎನ್ನುತ್ತಾರೆ. ಪಟ್ಟಿ ಈಗಲೇ, ಏನೂ ಇಲ್ಲದ ಹೊತ್ತಿನಲ್ಲೇ ಆಗಬೇಕು.

ಘಟ್ಟದ ಮೇಲಿನವರಿಗೆ ಇದು ಹೊಸದಲ್ಲ. ಬೇಡ್ತಿ ಜಲವಿದ್ಯುತ್ ಯೋಜನೆ ಬಂದಾಗ 1981ರಲ್ಲಿ ಶಿರಸಿಯ ತೋಟಗಾರರ ಸಹಕಾರಿ ಸಂಘ ತಜ್ಞರನ್ನು ಸೇರಿಸಿ ಯೋಜನೆಯ ಲಾಭ ನಷ್ಟದ ಲೆಕ್ಕವನ್ನೇ ಪರೀಕ್ಷೆಗೆ ಒಡ್ಡಿತು. ಮುಳುಗುವ ಅಡಿಕೆ ತೋಟ, ಸೊಪ್ಪಿನಬೆಟ್ಟ, ಕಾಡುಗಳಿಗೆ ಸರಿಯಾದ ಬೆಲೆ ಕಟ್ಟಿದರೆ ಲೆಕ್ಕ ಬೇರೆಯಾಗುತ್ತದೆ ಎಂಬುದೇ ಅಲ್ಲಿನ ವಾದದ ಬುಡ. ಆ ಯೋಜನೆ ಆಗ ನಿಂತಿತು. ಸರ್ಕಾರದ ಲೆಕ್ಕಕ್ಕೆ ಲೆಕ್ಕದಲ್ಲೇ ಉತ್ತರ ಕೊಟ್ಟದ್ದರಿಂದ ಆ ವಾದಕ್ಕೆ ಬಲ ಬಂತು.

ಪಟ್ಟಿ ಮಾಡುವ ಕೆಲಸದಲ್ಲಿ ಕೆಡುವುದು ಎಲ್ಲೆಲ್ಲಿ ಎಂದರೆ, ಮೊದಲನೆಯದು ತಿಂಗಳು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಕಾಲೇಜಿನ ಬಿಡುವು ನೋಡಿಕೊಂಡು ಜುಲೈನಲ್ಲಿ 'ಕಳೆದ ತಿಂಗಳ ಆದಾಯ ಎಷ್ಟು' ಎಂದು ಕೇಳಿದರೆ ಒಂದು ಉತ್ತರ, ಅಕ್ಟೋಬರಿನಲ್ಲಿ ಕೇಳಿದರೆ ಇನ್ನೊಂದು. ಅದೇ ಮನೆಗಳಿಗೆ ಎರಡು ಸಲ, ಒಮ್ಮೆ ನಿಷೇಧದಲ್ಲಿ, ಒಮ್ಮೆ ಹಂಗಾಮಿನಲ್ಲಿ ಹೋಗಬೇಕು. ಬೋಟಿನ ಖಲಾಸಿಗಳಲ್ಲಿ ಹೊರ ರಾಜ್ಯದವರು ನಿಷೇಧದ ಹೊತ್ತಿಗೆ ಊರಿಗೆ ಹೋಗಿರುತ್ತಾರೆ. ಆಗ ಮಾಡಿದ ಪಟ್ಟಿಯಲ್ಲಿ ಅವರು ಇಲ್ಲವೇ ಇಲ್ಲ.

ಎರಡನೆಯದು 'ಮನೆ' ಯಾವುದು ಎಂಬುದು. ಸಮೀಕ್ಷೆಯಲ್ಲಿ ಒಂದು ಒಲೆಗೆ ಒಂದು ಮನೆ ಎಂದು ಹಿಡಿಯುತ್ತೇವೆ. ಆದರೆ 2013ರ ಕಾಯ್ದೆಯಲ್ಲಿ ವಯಸ್ಸಿಗೆ ಬಂದ ಗಂಡಾಗಲಿ ಹೆಣ್ಣಾಗಲಿ, ಮದುವೆ ಆಗಿರಲಿ ಬಿಡಲಿ, ಪ್ರತ್ಯೇಕ ಕುಟುಂಬ. ವಿಧವೆ, ಗಂಡ ಬಿಟ್ಟವಳು ಕೂಡ ಪ್ರತ್ಯೇಕ. ಒಲೆಯ ಲೆಕ್ಕದಲ್ಲಿ ಒಂದಾಗುವ ಮನೆ ಕಾಯ್ದೆಯ ಲೆಕ್ಕದಲ್ಲಿ ಮೂರೋ ನಾಲ್ಕೋ ಆಗಬಹುದು. ಅದಕ್ಕಾಗಿ ಪ್ರತಿಯೊಬ್ಬರ ಹೆಸರು, ವಯಸ್ಸು, ಸಂಬಂಧ, ಕೆಲಸ ಒಂದೊಂದು ಸಾಲಿನಲ್ಲಿ ಬರೆದು, ಒಲೆಯ ಸಂಖ್ಯೆಯನ್ನು ಬೇರೆ ಕಾಲಮ್ಮಿನಲ್ಲಿ ಹಾಕಿದರೆ ಎರಡೂ ಲೆಕ್ಕ ತೆಗೆಯಲು ಬರುತ್ತದೆ. ಯಜಮಾನರನ್ನು ಮಾತ್ರ ಕೇಳಿದರೆ 'ಹೆಂಗಸರು ಮನೆಯಲ್ಲೇ ಇರುತ್ತಾರೆ' ಎಂಬ ಉತ್ತರ ಬರುತ್ತದೆ. ಬೆಳಿಗ್ಗೆ ಮೀನು ಮಾರಿ ಬಂದ ಮೇಲೆ, ಮಧ್ಯಾಹ್ನದ ಹೊತ್ತಿಗೆ, ಹೆಂಗಸರೇ ಹೆಂಗಸರನ್ನು ಕೇಳಬೇಕು. 'ಕೆಲಸ ಮಾಡುತ್ತೀರಾ' ಎನ್ನದೆ 'ನಿನ್ನೆ ಎದ್ದಾಗಿನಿಂದ ಏನೇನು ಮಾಡಿದಿರಿ' ಎಂದು ಕೇಳಿ, ಗಂಟೆಯನ್ನೂ ಬರೆದುಕೊಳ್ಳಿ. ಕೊಂಕಣಿ ಮಾತಾಡುವ ಕೇರಿಯಲ್ಲಿ ಪ್ರಶ್ನೆಯನ್ನು ಸ್ಥಳದಲ್ಲೇ ಬಾಯಿಗೆ ಬಂದಂತೆ ಅನುವಾದಿಸಬಾರದು. ಇಬ್ಬರು ಬೇರೆ ಬೇರೆ ಮಾಡಿದ ಅನುವಾದವನ್ನು ಕೂತು ಹೋಲಿಸಿ, ಹತ್ತು ಮನೆಯಲ್ಲಿ ಕೇಳಿ ನೋಡಿ, ಆಮೇಲೆ ಅಚ್ಚು ಹಾಕಬೇಕು.

ಕೊನೆಗೆ ಬರೆಯುವುದು ಎರಡು ಪುಟ. ಮೊದಲ ಪುಟದ ಮೇಲ್ಭಾಗದಲ್ಲಿ ಯಾವ ಕಾಯ್ದೆಯ ಯಾವ ಸೆಕ್ಷನ್ನಿಗೆ ಇದು ಸಂಬಂಧಿಸಿದ್ದು ಎಂಬ ಸಾಲು, ಕೆಳಗೆ ಮುಖ್ಯ ಅಂಕಿಗಳ ಒಂದೇ ಕೋಷ್ಟಕ. ಎರಡನೆಯ ಪುಟದಲ್ಲಿ ಎಷ್ಟು ಮನೆ, ಹೇಗೆ ಆರಿಸಿದ್ದು, ಯಾವ ತಿಂಗಳು, ಎಷ್ಟು ಮನೆಯವರು ಉತ್ತರಿಸಲಿಲ್ಲ. ಸಿದ್ಧಾಂತದ ಅಧ್ಯಾಯ, ಗ್ರಂಥಗಳ ಚರ್ಚೆ ಪ್ರಬಂಧದಲ್ಲೇ ಇರಲಿ. ಹೊರಗೆ ಹೋಗುವ ಪುಟಗಳಲ್ಲಿ ಜನರ ಹೆಸರಿನ ಬದಲು ಸಂಖ್ಯೆ ಇರಬೇಕು. ಹೆಸರಿನ ಪಟ್ಟಿ ಅವರವರ ಒಪ್ಪಿಗೆಯೊಡನೆ ಬೇರೆ ಲಕೋಟೆಯಲ್ಲಿ. ಗ್ರಾಮ ಪಂಚಾಯತಿಗೆ ಒಂದು ಪ್ರತಿ ಕೊಟ್ಟು ತಾರೀಖಿನ ಮೊಹರಿನ ಸ್ವೀಕೃತಿ ತೆಗೆದುಕೊಳ್ಳಿ, ಗ್ರಾಮಸಭೆಯ ನಡಾವಳಿಯಲ್ಲಿ ಅದನ್ನು ಓದಿ ದಾಖಲಿಸುವಂತೆ ಕೇಳಿ. ಮುಂದಿನ ವರ್ಷ ಅದೇ ಮನೆಗಳಿಗೆ, ಅದೇ ತಿಂಗಳಲ್ಲಿ, ಅದೇ ಪ್ರಶ್ನೆಗಳೊಂದಿಗೆ ಹೋಗಬೇಕು. ಅದರ ಮುಂದಿನ ವರ್ಷವೂ ಹೋದರೆ ಕಾಯ್ದೆ ಕೇಳುವ ಮೂರು ವರ್ಷ ತುಂಬುತ್ತದೆ.